ನಮ್ಮ ಹಂಡೆಯೂ ನಗರದ ಹೊಗೆಯೂ

ಲೋಕಕ್ಕೆ ಉಪದೇಶ ಮಾಡುವವರಿಗೆ ಒಂದು ಅನುಕೂಲವಿದೆ: ಅವರ ಮನೆಯ ಬಚ್ಚಲನ್ನು ಯಾರೂ ನೋಡಿರುವುದಿಲ್ಲ. ಪುರಾಣ ಹೇಳುವವರ ಪಡಸಾಲೆ ನೋಡಿರುತ್ತೇವೆ, ಪಥ್ಯ ಹೇಳುವ ಡಾಕ್ಟರ ಹಜಾರ ನೋಡಿರುತ್ತೇವೆ. ಬಚ್ಚಲಿನವರೆಗೆ ಹೋಗುವ ಸಲುಗೆ ಯಾರಿಗಿರುತ್ತದೆ? ಈ ಒಂದು ಭರವಸೆಯ ಮೇಲೆ ನಾನು ಮೈಸೂರಿನ ಒಂದು ಸರ್ಕಾರಿ ಅಂಕಿಅಂಶ ಕಚೇರಿಯಲ್ಲಿ ಬಹಳ ಕಾಲ ಮರ್ಯಾದೆಯಿಂದ ಬದುಕಿದೆ. ಆ ಮರ್ಯಾದೆ ಹೋದದ್ದು ಒಂದು ದೀಪಾವಳಿಯ ಹಿಂದಿನ ಸಂಜೆ, ಕಜ್ಜಾಯದ ವಾಸನೆಯ ನಡುವೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿ ಅಂತೂ ಇಂತೂ ನಮ್ಮ ಕಚೇರಿಗೂ ಬಂದು ತಲುಪಿತು. ಮೈಸೂರಿನವರಿಗೆ ಇದೇನೂ ಹೊಸದಲ್ಲ. ತಲೆ ನರೆತ ಯಾರನ್ನು ಮಾತಾಡಿಸಿದರೂ, "ನಮ್ ಕಾಲ್ದಲ್ಲಿ ಮೈಸೂರಲ್ಲಿ ಫ್ಯಾನ್ ಅನ್ನೋದೇ ಇರ್ಲಿಲ್ಲ ಕಣ್ರೀ" ಎಂದೇ ಮಾತು ಶುರುಮಾಡುತ್ತಾರೆ. ಆದರೆ ಫ್ಯಾನಿಲ್ಲದ ಬಾಲ್ಯದ ಮೇಲೆ ಸರ್ಕಾರಕ್ಕೆ ನೀತಿ ಮಾಡಲಾಗುವುದಿಲ್ಲ, ಅದಕ್ಕೆ ಕೋಷ್ಟಕ ಬೇಕು. ಯಾವ ಮನೆಯವರು ಅಡುಗೆಗೆ ಏನು ಉರಿಸುತ್ತಾರೆ, ಸ್ನಾನದ ನೀರಿಗೆ ಏನು ಉರಿಸುತ್ತಾರೆ, ಅದರಿಂದ ಎಷ್ಟು ಹೊಗೆ ಎಂದು ಲೆಕ್ಕ ಹಾಕಿ ಕಳಿಸಿರೆಂದು ಆದೇಶ ಬಂತು. ನಮ್ಮ ಸಾಹೇಬರು ಕಚೇರಿಯ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನನ್ನ ಹೆಸರು ಮಾದಪ್ಪ. ಅಂದಿನಿಂದ ಕಚೇರಿಯಲ್ಲಿ ಹೊಗೆ ಮಾದಪ್ಪನಾದೆ.

ನಾನು ಆ ಬಿರುದನ್ನು ತುಂಬ ಗಂಭೀರವಾಗಿ ತೆಗೆದುಕೊಂಡೆ. ಮನೆಮನೆಗೆ ಹೋಗುವ ಸಿಬ್ಬಂದಿಗೆ ತರಬೇತಿ ಕೊಡುವಾಗ ನನ್ನ ಗಂಟಲಿಗೆ ತಾನಾಗಿಯೇ ಗುರುಗಳ ಧ್ವನಿ ಬಂದುಬಿಡುತ್ತಿತ್ತು. "ಊರಿನ ಎಲ್ಲ ಮನೆಗೂ ಹೋಗಲಾಗುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಹಾಗೆ ಚೀಟಿ ಎತ್ತಿದಂತೆ ಆರಿಸಿದ ಒಂದೊಂದು ಮನೆಯೂ ಸಾವಿರಾರು ಮನೆಗಳ ಪರವಾಗಿ ಮಾತಾಡುತ್ತದೆ. ಆದ್ದರಿಂದ ಆರಿಸಿದ ಮನೆಯನ್ನು ಬದಲಿಸುವಂತಿಲ್ಲ. ಪರಿಚಯದವರಾದರೂ ಪ್ರಶ್ನೆ ಬಿಡುವಂತಿಲ್ಲ. 'ಇತರೆ' ಎಂಬ ಕಾಲಂ ಖಾಲಿ ಇಡುವಂತಿಲ್ಲ. ಯಾರ ಮನೆಯಲ್ಲಿ ಏನು ಕಂಡಿರೆಂದು ಹೊರಗೆ ಬಾಯಿ ಬಿಡುವಂತಿಲ್ಲ." ಇದನ್ನೆಲ್ಲ ಅತ್ಯಂತ ಶ್ರದ್ಧೆಯಿಂದ ಬರೆದುಕೊಂಡವರು ನಮ್ಮ ಫಿಲೋಮಿನಾ. ಕಚೇರಿಯ ಟೈಪಿಸ್ಟಾಗಿದ್ದ ಅವರನ್ನು ಜನ ಸಾಲದೆಂದು ಈ ಸಮೀಕ್ಷೆಗೂ ಹಾಕಿದ್ದರು. ಪ್ರತಿ ವಾರ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡುವ ಹೆಂಗಸು. ಸುಳ್ಳು ಬರೆದರೆ ಅದನ್ನೂ ಪಾದ್ರಿಗಳ ಮುಂದೆ ಹೇಳಬೇಕಾಗುತ್ತದೆಂಬ ಭಯಕ್ಕೇ ಏನೋ, ಕಂಡದ್ದನ್ನು ಕಂಡಹಾಗೆ ಬರೆಯುತ್ತಿದ್ದರು.

ಜನ ಹಾಗಲ್ಲ. ಸಿದ್ಧಾರ್ಥನಗರದ ಯಜಮಾನರೊಬ್ಬರು "ನಮ್ದೆಲ್ಲಾ ಸೋಲಾರು" ಎನ್ನುತ್ತಿರುವಾಗಲೇ ಅವರ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಕೇಳಿದರೆ, "ಅದು ಪಕ್ಕದ್ ಮನೇದು ಸಾರ್, ನಮ್ ಮನೆ ಮೇಲೆ ಹಾದು ಓಯ್ತದೆ ಅಷ್ಟೇಯ" ಎಂದರು. ಬೋಗಾದಿಯ ಬಾಡಿಗೆ ಕೋಣೆಯ ಹುಡುಗರು, ಸ್ನಾನದ ನೀರನ್ನು ಹೇಗೆ ಕಾಯಿಸುತ್ತೀರಿ ಎಂಬ ಪ್ರಶ್ನೆಗೆ, "ಸ್ನಾನ ಅಂದ್ರೆ?" ಎಂದು ಕೇಳಿದರಂತೆ. ಇಂಥ ಜನರ ನಡುವೆ ಭೂಮಿಯನ್ನು ಕಾಪಾಡುವುದು ಹೇಗಪ್ಪಾ ಎಂದು ನಾನು ಕಚೇರಿಯಲ್ಲಿ ನಿಟ್ಟುಸಿರು ಬಿಡುತ್ತಿದ್ದೆ.

ಬಿಟ್ಟು ಮನೆಗೆ ಬರುತ್ತಿದ್ದೆ. ಕುಂಬಾರಕೊಪ್ಪಲಿನ ನಮ್ಮ ಮನೆಯ ಬಚ್ಚಲಿನಲ್ಲಿ, ಇಟ್ಟಿಗೆಯ ಒಲೆಯ ಮೇಲೆ, ಒಂದು ತಾಮ್ರದ ಹಂಡೆ ಕೂತಿತ್ತು. ಈಗಲೂ ಅದನ್ನು ನೆನೆದರೆ ನನಗೆ ಬೆನ್ನು ಬೆಚ್ಚಗಾಗುತ್ತದೆ. ತೆಂಗಿನ ಕರಟ, ಸೋಗೆ, ಮಟ್ಟೆ ತುರುಕಿ ಉರಿ ಮಾಡಿ, ಕಣ್ಣಲ್ಲಿ ನೀರು, ಮೂಗಲ್ಲಿ ನೀರು ಸುರಿಸುತ್ತ ಕಾಯಿಸಿ, ಆಮೇಲೆ ಚೊಂಬಿನಿಂದ ಒಂದೇ ಸಮ ಹೊಯ್ದುಕೊಂಡರೆ ಅದು ಸ್ನಾನ. ಗೋಡೆಗೆ ಗೀಸರೂ ಇತ್ತು. ಅದರಿಂದ ಬರುವ ನೀರು ಹುಷಾರು ತಪ್ಪಿದವರ ಗಂಜಿಯ ಹಾಗೆ, ಬಿಸಿಯೂ ಅಲ್ಲ ತಣ್ಣಗೂ ಅಲ್ಲ. ಅದರ ಮೇಲೆ ನಾವು ಟವೆಲು ಒಣಗಿಸುತ್ತಿದ್ದೆವು. ಮಡದಿ ಪಾರ್ವತಿಗೆ ಮಾತ್ರ ಈ ಹೊಗೆ ಕಂಡರಾಗದು. "ಊರಿಗೆಲ್ಲಾ ಹೊಗೆ ಬುಡಬ್ಯಾಡಿ ಅಂತ ಹೇಳ್ಬುಟ್ಟು ಬತ್ತೀರ, ಮನೇಲಿ ನೋಡುದ್ರೆ ರೈಲು ಬುಡ್ತೀರ. ಮೊದ್ಲು ಒಂದು ಸೋಲಾರ್ ಹಾಕ್ಸಿ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡೇ ಇಲ್ಲವೆಂಬಂತೆ ಊದುಕೊಳವೆ ಊದುತ್ತಿದ್ದೆ.

ಹೀಗಿರುವಾಗ ಸಮೀಕ್ಷೆಗೆ ಆರಿಸಿದ ಮನೆಗಳಲ್ಲಿ ನಮ್ಮ ಮನೆಯೂ ಬಂದುಬಿಟ್ಟಿತು. ನನ್ನದೇ ಬೋಧನೆಯ ಅಗುಳು ನಾನಾಗಿದ್ದೆ. "ಬದಲಿಸೋ ಹಾಗಿಲ್ಲ ಅಲ್ವಾ ಸಾರ್?" ಎಂದು ಫಿಲೋಮಿನಾ ಕೇಳಿದಾಗ "ಛೆ ಛೆ, ಎಲ್ಲಾದರೂ ಉಂಟೇ" ಎಂದೆ. ಹೊಗೆ ಮಾದಪ್ಪನ ಮನೆಯಲ್ಲೇ ಹಂಡೆ ಹೊಗೆಯಾಡುತ್ತದೆಂದು ತಿಳಿದರೆ ಸಾಹೇಬರ ಮುಂದೆ ತಲೆಯೆತ್ತುವುದು ಹೇಗೆ? ಹಂಡೆಯನ್ನು ಬಿಟ್ಟು ಬದುಕುವುದಾದರೂ ಹೇಗೆ? ಎರಡನ್ನೂ ಉಳಿಸಿಕೊಳ್ಳಲು ಒಂದು ಉಪಾಯ ಹೊಳೆಯಿತು. ಹಬ್ಬದ ದಿನ ಕರೆದರೆ ಹಜಾರದಲ್ಲಿ ಕೂರಿಸಿ, ಕಜ್ಜಾಯ ಕೊಟ್ಟು, 'ಗೀಸರು' ಎಂದು ಬರೆಸಿ, ಬಾಗಿಲಲ್ಲೇ ಬೀಳ್ಕೊಡಬಹುದು. ಹಬ್ಬದ ಗಡಿಬಿಡಿಯಲ್ಲಿ ಬಚ್ಚಲನ್ನು ಯಾರು ಕೇಳುತ್ತಾರೆ? ಹಾಗೆಂದುಕೊಂಡು ಫಿಲೋಮಿನಾ ಅವರನ್ನು ದೀಪಾವಳಿಗೆ ಮೊದಲು ಬರುವ ನೀರು ತುಂಬುವ ಹಬ್ಬದ ಸಂಜೆ ಬರಹೇಳಿದೆ.

ಓದುಗರಲ್ಲಿ ಹೆಂಗಸರಿದ್ದರೆ ಈಗಾಗಲೇ ನಕ್ಕಿರುತ್ತಾರೆ. ವರ್ಷವಿಡೀ ಹಬ್ಬಗಳೆಲ್ಲ ದೇವರ ಮನೆಯಲ್ಲೋ ಅಡುಗೆ ಮನೆಯಲ್ಲೋ ನಡೆಯುತ್ತವೆ. ಬಚ್ಚಲಲ್ಲೇ ನಡೆಯುವ ಹಬ್ಬ ಇರುವುದು ಅದೊಂದೇ. ನಾನು ಕಚೇರಿಯಿಂದ ಬರುವಷ್ಟರಲ್ಲಿ ಪಾರ್ವತಿ ಬಚ್ಚಲು ತೊಳೆದು, ಹಂಡೆಗೆ ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಎದುರಿಗೆ ದೀಪ ಹಚ್ಚಿಟ್ಟಿದ್ದಳು. ಹಂಡೆ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಬೆಡ್‌ಶೀಟು ಮುಚ್ಚೋಣವೇ ಎಂದು ಮೆಲ್ಲಗೆ ಕೇಳಿದೆ. "ಗಂಗಮ್ಮಂಗೆ ಬೆಡ್‌ಶೀಟ್ ಹೊದಿಸ್ತೀರಾ? ಬುದ್ಧಿ ಎಲ್ ಹೋಗದೆ ನಿಮ್ಗೆ?" ಎಂದಳು.

ಅಷ್ಟರಲ್ಲಿ ಫಿಲೋಮಿನಾ ಬಂದರು. ಕೂತರು, ಪೆನ್ನು ತೆಗೆದರು, "ನಿಮ್ಮ ಹೆಸರು?" ಎಂದರು.

"ಏನ್ರೀ ಫಿಲೋಮಿನಾ, ನನ್ ಹೆಸ್ರು ಗೊತ್ತಿಲ್ವಾ?"

"ಗೊತ್ತಿದ್ರೂ ಕೇಳ್ಬೇಕು ಅಂತ ನೀವೇ ಹೇಳ್ಕೊಟ್ರಲ್ಲ ಸಾರ್."

ಹೆಸರು ಹೇಳಿದೆ. ಉದ್ಯೋಗ ಕೇಳಿದರು, ಅದನ್ನೂ ಹೇಳಿದೆ. ಸ್ನಾನದ ನೀರಿನ ಪ್ರಶ್ನೆ ಬಂದಾಗ ನಾನು ಗಂಟಲು ಸರಿಮಾಡಿಕೊಂಡು "ಗೀ" ಎಂದಿದ್ದೆ ಅಷ್ಟೆ. ಪಾರ್ವತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದು, "ಬನ್ನಿ ಫಿಲೋಮಿನಾ, ಆಮೇಲ್ ಬರಕಳಿವ್ರಂತೆ. ಮೊದ್ಲು ನಮ್ ಹಂಡೆ ನೋಡ್ಬನ್ನಿ, ಎಷ್ಟ್ ಚೆಂದಾಗದೆ!" ಎಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ನಾನು ಹಿಂದೆ ಓಡಿದೆ. ಫಿಲೋಮಿನಾ ಹಂಡೆಯನ್ನು ಮೆಚ್ಚಿದರು. ಆಮೇಲೆ ಅವರ ಕಣ್ಣು ಒಲೆಯ ಪಕ್ಕ ಒಟ್ಟಿದ್ದ ಕಾಗದದ ರಾಶಿಯ ಮೇಲೆ ಬಿತ್ತು. ಬಗ್ಗಿ, ಅಂಚು ಸುಟ್ಟ ಒಂದು ಹಾಳೆ ಎತ್ತಿಕೊಂಡರು.

"ಸಾರ್, ಇದು ನಾನು ಟೈಪ್ ಮಾಡಿದ್ದು. ಹೊಗೆ ಕಡಿಮೆ ಮಾಡೋ ವರದಿ."

"ಮಿಕ್ಕ ಪ್ರತಿಗಳು" ಎಂದು ತೊದಲಿದೆ. ಕಚೇರಿಯಲ್ಲಿ ಬೇಕಾದದ್ದಕ್ಕಿಂತ ಯಾವಾಗಲೂ ಹೆಚ್ಚು ಪ್ರತಿ ತೆಗೆಯುತ್ತಿದ್ದರು. ರದ್ದಿಗೆ ಹೋಗುವುದನ್ನು ನಾನು ಮನೆಗೆ ತರುತ್ತಿದ್ದೆ.

"ಒಲೆ ಹತ್ಸಕ್ಕೆ ಅದಿದ್ದಂಗೆ ಯಾವ್ದೂ ಇಲ್ಲ ಕಣಮ್ಮ," ಪಾರ್ವತಿ ಉತ್ಸಾಹದಿಂದ ಹೇಳಿದಳು. "ಹಳೇ ಪೇಪರ್ ಹೊಗೆ ಬರ್ತದೆ. ಇದು ಕರಟಕ್ಕಿಂತ್ಲೂ ಚೆಂದಾಗ್ ಉರೀತದೆ."

ಫಿಲೋಮಿನಾ ನನ್ನನ್ನು ಬೈಯಲಿಲ್ಲ, ನಗಲೂ ಇಲ್ಲ. ಅದೇ ಕಷ್ಟವಾಯಿತು. ಹಜಾರಕ್ಕೆ ಬಂದು, ಕರಟ ಸೌದೆಗಳಿಗೆ ಗುರುತು ಹಾಕಿ, "ಇತರೆ ಖಾಲಿ ಇಡೋ ಹಾಗಿಲ್ಲ ಸಾರ್" ಎಂದು ದುಂಡಗಿನ ಅಕ್ಷರದಲ್ಲಿ 'ಸರ್ಕಾರಿ ವರದಿ' ಎಂದು ಬರೆದು, ಕಜ್ಜಾಯ ತಿಂದು, ಹಬ್ಬದ ಶುಭಾಶಯ ಹೇಳಿ ಹೋದರು.

ಕೆಲವು ತಿಂಗಳ ಮೇಲೆ ಅಂತಿಮ ಕೋಷ್ಟಕಗಳು ರಾಜಧಾನಿಯಿಂದ ಬಂದವು. ಸಾಹೇಬರು ನನ್ನನ್ನು ಕರೆದರು. ಫಿಲೋಮಿನಾ ಅಲ್ಲೇ ನಿಂತಿದ್ದರು. "ಏನ್ರೀ ಮಾದಪ್ಪ ಇದು? ಮೈಸೂರಲ್ಲಿ ಸಾವಿರಾರು ಸಂಸಾರ ಸರ್ಕಾರಿ ವರದಿ ಉರಿಸಿ ನೀರು ಕಾಯಿಸ್ತವಂತೆ! ನಾವು ಅಷ್ಟು ವರದಿ ಅಚ್ಚೇ ಹಾಕ್ಸಿಲ್ವಲ್ರೀ?" ನಾನು ಫಿಲೋಮಿನಾ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು; ಯಾರ ಮನೆಯಲ್ಲಿ ಏನು ಕಂಡಿರೆಂದು ಬಾಯಿ ಬಿಡಬಾರದೆಂಬ ನನ್ನ ಪಾಠವನ್ನೂ ಅವರು ಮರೆತಿರಲಿಲ್ಲ. ನಾನು ಧೈರ್ಯ ತಂದುಕೊಂಡು, "ವರದಿಗಳು ಜನಸಾಮಾನ್ಯರನ್ನು ತಲುಪುತ್ತಿವೆ ಎಂಬುದರ ಸೂಚನೆ ಸಾರ್" ಎಂದೆ. ಸಾಹೇಬರಿಗೆ ಆ ಮಾತು ಹಿಡಿಸಿತು. ಅದನ್ನೇ ಬರೆದು ಮೇಲಕ್ಕೆ ಕಳಿಸಿದರು.

ಮೇಲಿನವರಿಗೆ ಹಿಡಿಸಲಿಲ್ಲ. ಹೊಗೆಯನ್ನು ತಡೆಯುವ ದೃಷ್ಟಿಯಿಂದ ಇನ್ನು ಮುಂದೆ ವರದಿಗಳನ್ನು ಎಷ್ಟು ಬೇಕೋ ಅಷ್ಟೇ ಪ್ರತಿ ತೆಗೆಯತಕ್ಕದ್ದು, ಮಿಕ್ಕದ್ದನ್ನು ಕಚೇರಿಯಲ್ಲೇ ಬೀಗ ಹಾಕಿ ಇಡತಕ್ಕದ್ದು ಎಂದು ಸುತ್ತೋಲೆ ಬಂತು. ಕೆಲಸಕ್ಕೆ ಸೇರಿದಾಗಿನಿಂದ ನಾನು ಕಳಿಸಿದ ಅಂಕಿಯೊಂದು ಸರ್ಕಾರದ ನೀತಿಯನ್ನು ಬದಲಿಸಿದ್ದು ಅದೊಂದೇ ಸಲ. ಅದರ ಏಟು ನೇರವಾಗಿ ನನ್ನ ಒಲೆಗೇ ಬಿತ್ತು. ಕಾಗದವಿಲ್ಲದೆ ಹಸಿ ಮಟ್ಟೆ ಹತ್ತಿಸಲು ಹೋಗಿ ನಾನು ಕೆಮ್ಮುತ್ತ ಕೂತಿದ್ದಾಗ ಪಾರ್ವತಿ ಸೋಲಾರಿನವನನ್ನು ಕರೆಸಿಯೇಬಿಟ್ಟಳು. ಹಂಡೆ ಅಟ್ಟ ಸೇರಿತು. ಅದನ್ನು ಎತ್ತಿಡುವಾಗ ನನಗೆ ನಿಜವಾಗಿ ದುಃಖವಾಯಿತು.

ಮರುವರ್ಷ ಹಿಂದಿನ ಮನೆಗಳನ್ನೇ ಮತ್ತೆ ನೋಡಬೇಕೆಂಬ ನಿಯಮದಂತೆ ಫಿಲೋಮಿನಾ ಬಂದರು, ಹೆಸರು ಕೇಳಿದರು, 'ಸೋಲಾರ್' ಎಂದು ಬರೆದುಕೊಂಡು ಹೋದರು. ಹೊಸ ಕೋಷ್ಟಕ ಬಂದಾಗ ಸಾಹೇಬರು ಕುರ್ಚಿಯಿಂದ ಎದ್ದರು. ಸಾವಿರಾರು ಮನೆಗಳ ಹೊಗೆ ಒಂದೇ ವರ್ಷದಲ್ಲಿ ಮಾಯ! ಇಡೀ ರಾಜ್ಯಕ್ಕೆ ಮೈಸೂರು ಮಾದರಿ! ಅಂಕಿಅಂಶದ ಬಲದಿಂದ ಭೂಮಿಯ ಬಿಸಿ ಇಳಿಸಿದ್ದು ಹೇಗೆ ಎಂದು ಹೊರಗಿನಿಂದ ಬಂದ ಅಧಿಕಾರಿಗಳ ಮುಂದೆ ಭಾಷಣ ಮಾಡಲು ಹೊಗೆ ಮಾದಪ್ಪನಿಗೇ ಕರೆ ಬಂತು.

ಭಾಷಣದ ದಿನ ಆಷಾಢದ ಮೋಡ. ಸೋಲಾರಿನಿಂದ ಬಂದದ್ದು ಬಾವಿಯ ನೀರಿನಷ್ಟೇ ತಣ್ಣಗಿತ್ತು. ವೇದಿಕೆ ಹತ್ತುವ ದಿನ ಮೀಯದೆ ಹೋಗಬಾರದೆಂದು ಹಲ್ಲು ಕಡಿದು ಮಿಂದಿದ್ದೆ. ಗೀಸರಿನ ಮೇಲೆ ಟವೆಲು ಇತ್ತು. ವೇದಿಕೆಯ ಮೇಲೆ ನಿಂತು ಕೈಯೆತ್ತಿ, "ಒಂದು ಮನೆ ಬದಲಾದರೆ ಸಾವಿರ ಮನೆ ಬದಲಾದಂತೆ" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಫಿಲೋಮಿನಾ ಮಾತ್ರ ತಲೆ ತಗ್ಗಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಧನ್ಯವಾದ ಹೇಳಲು ಬಾಯಿ ತೆರೆದೆ, ಮೈಕು ಕಿರುಚುವಂತೆ ಸೀನು ಬಂತು. ನಮ್ಮ ಲೆಕ್ಕದ ಪ್ರಕಾರ ಆ ಕ್ಷಣದಲ್ಲಿ ಮೈಸೂರಿನ ಸಾವಿರಾರು ಯಜಮಾನರು ನನ್ನ ಜೊತೆಗೇ ಸೀನಿರಬೇಕು.