ಮೂರನೇ ಸರ್ವರ್ ಮತ್ತು ಆದಿಲಕ್ಷ್ಮಮ್ಮನ ಮಂಡಿ

ಹೊಸೂರಿನ ಆ ಖಾಸಗಿ ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳೆಲ್ಲ ಒಂದೇ ದೊಡ್ಡ ಸ್ಟೋರೇಜ್ ಪೆಟ್ಟಿಗೆಯಲ್ಲಿರುತ್ತಿದ್ದವು. ಎರಡು ಸರ್ವರ್‌ಗಳು ಅದನ್ನು ಹಂಚಿಕೊಂಡಿದ್ದವು. ಬೆಳಿಗ್ಗೆ ಚಲಪತಿ ಮೂರನೆಯದನ್ನು ಸೇರಿಸಲು ಕೂತ. ಕಂಪ್ಯೂಟರ್ ವಿಭಾಗಕ್ಕೆ ಅವನೊಬ್ಬನೇ ದಿಕ್ಕು.

“ಸೆಟ್ಟಿಂಗ್ಸೆಲ್ಲಾ ಹೊಸದಾಗಿ ಯಾಕ್ಲಾ ಬರೀತೀಯ? ಹಳೇದ್ರಾಗಿರೋದ್ನ ಹಂಗೇ ಕಾಪಿ ಹೊಡಿ” ಎಂದ ಬಿಲ್ಲಿಂಗಿನ ಮುನೀಶ್.

ಚಲಪತಿ ಹೊಡೆದ. ಅಷ್ಟೇ. ಡಾಕ್ಟರ ಪರದೆಯಲ್ಲಿ ಚಿತ್ರಗಳು ಕಂಡು ಕಂಡು ಮಾಯವಾಗತೊಡಗಿದವು.

ಮ್ಯಾನೇಜರ್ ಲಕ್ಷ್ಮೀಪತಿ ಓಡಿಬಂದರು. “ಏನಪ್ಪಾ ಇದು? ಪೇಶಂಟ್ಸ್ ಕಾಯ್ತಾ ಇದಾರೆ!”

ಬೆಂಚಿನ ಮೇಲೆ ಅಂಚೆಟ್ಟಿಯ ಆದಿಲಕ್ಷ್ಮಮ್ಮ ಸ್ಕ್ಯಾನ್ ಮಾಡಿಸಿಕೊಂಡು ಮಂಡಿ ಹಿಡಿದು ಕೂತಿದ್ದಳು. “ಸಂಜೆ ಬಸ್ಸು ತಪ್ಪುದ್ರೆ ನಾನೆಲ್ಲಿಗೋಗ್ಲಿ ಮಗ?” ಎಂದಳು. ಆ ಮುಖ ನೋಡಿ ಚಲಪತಿಗೆ ಊಟ ಸೇರಲಿಲ್ಲ.

“ಏಸಿ ಜಾಸ್ತಿಯಾಗಿ ಮಿಷಿನ್ನುಗಳಿಗೆ ನಡುಕ ಬಂದೈತೆ” ಎಂದು ವಾಚ್‌ಮನ್ ಕೆಂಪರಾಜು ಯಾರನ್ನೂ ಕೇಳದೆ ಏಸಿ ಆರಿಸಿದ. ಕಾದುಹೋದ ಸರ್ವರ್‌ಗಳು ಹಸಿದ ಕೂಸುಗಳಂತೆ ಒಟ್ಟಿಗೆ ಕಿರುಚಿಕೊಂಡವು. ಅವನ್ನು ತಣಿಸುವುದರಲ್ಲೇ ಮಧ್ಯಾಹ್ನ ಕಳೆಯಿತು.

ಕೊನೆಗೂ ಚಲಪತಿಗೆ ಹೊಳೆಯಿತು. ಸ್ಟೋರೇಜ್ ಪೆಟ್ಟಿಗೆ ಪ್ರತಿ ಸರ್ವರನ್ನೂ ಅದರ ಹೆಸರಿನಿಂದ ಗುರುತಿಸುತ್ತದೆ. ಕಾಪಿ ಹೊಡೆದಾಗ ಹೆಸರೂ ಬಂದುಬಿಟ್ಟಿತ್ತು. ಒಂದೇ ಟಿಕೆಟ್ಟಿನಲ್ಲಿ ಇಬ್ಬರು ಬಸ್ಸು ಹತ್ತಿದಂತೆ, ಒಂದು ಒಳಬಂದರೆ ಇನ್ನೊಂದು ಹೊರಬೀಳುತ್ತಿತ್ತು. ಮೂರನೆಯದಕ್ಕೆ ಬೇರೆ ಹೆಸರಿಟ್ಟು, ಪೆಟ್ಟಿಗೆಯಲ್ಲಿ ಆ ಹೆಸರಿಗೆ ಅನುಮತಿ ಕೊಟ್ಟ. ಚಿತ್ರಗಳು ಮಾಯವಾಗದೆ ಪರದೆಯಲ್ಲಿ ನಿಂತವು.

ಅವನು ಓಡುತ್ತಲೇ ಹೋಗಿ ಆದಿಲಕ್ಷ್ಮಮ್ಮನನ್ನು ಡಾಕ್ಟರ್ ಅನಂತ್ ಮುಂದೆ ಕೂರಿಸಿದ. ಮಂಡಿಯ ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಮೂಡಿತು. ಡಾಕ್ಟರ್ ಬಹಳ ಹೊತ್ತು ನೋಡಿದರು.

“ಅಜ್ಜೀ, ನೋವು ಯಾವ ಮಂಡಿ?”

“ಎಡಗಡೇದು ಸಾಮಿ.”

“ಇದು ಬಲಗಡೇದು.”

ಸ್ಕ್ಯಾನ್ ತೆಗೆದಿದ್ದ ವನಿತಾ ಡಾಕ್ಟರ ಮುಖ ನೋಡದೆ ಹೇಳಿದಳು: “ನಾನು ತೆಗ್ದಾಗ ಎಡಗಡೇದೇ ಸಾರ್. ಇವ್ರ ಪೆಟ್ಟಿಗೆಯೊಳಗೆ ಹೋದ್ಮೇಲೆ ಬಲಗಡೇದಾಗೈತೆ.”

ಎಲ್ಲರೂ ಚಲಪತಿಯತ್ತ ತಿರುಗಿದರು. ಬೆಳಗಿನಿಂದ ಆ ಪೆಟ್ಟಿಗೆ ಆಡಿದ ಆಟ ಕಂಡವರಿಗೆ ಅನುಮಾನವೇ ಉಳಿಯಲಿಲ್ಲ.

“ಹಂಗಾಗಲ್ಲ ಸಾರ್...” ಎಂದ ಚಲಪತಿ.

“ಬಸ್ಸೂ ಹೋಯ್ತು,” ಎಂದರು ಲಕ್ಷ್ಮೀಪತಿ. “ನಿನ್ ಬೈಕಲ್ಲೇ ಅಂಚೆಟ್ಟಿಗೆ ಬಿಟ್ಬಾ. ನಾಳೆ ನೀನೇ ಕರ್ಕೊಂಬಾ.”

ಕಾಡಿನ ರಸ್ತೆಯಲ್ಲಿ, ಆನೆ ಬಂದೀತೆಂದು ಚಲಪತಿ ಮೆಲ್ಲಗೆ ಬೈಕು ಓಡಿಸುತ್ತಿದ್ದ. ಹಿಂದೆ ಆದಿಲಕ್ಷ್ಮಮ್ಮ ಅವನ ಸೊಂಟ ಬಿಗಿಹಿಡಿದು ಕೂತಿದ್ದಳು.

“ಓಗ್ಲಿ ಬುಡು ಮಗ,” ಎಂದು ಬೆನ್ನು ಸವರಿದಳು. “ನೋವ್ನ ಬಲಗಡೀಕೆ ತಿರುಗ್ಸಿದೋನು ನೀನು. ನಾಳೆ ಎಡಗಡೀಕೆ ತಿರುಗ್ಸಾಕಿಲ್ವಾ?”