ಬಿಸಿಲಿನ ಪೆಟ್ಟಿಗೆ ಮತ್ತು ನಮ್ಮ ಮನೆಯ ಮಾನ

ಮಾನ ಹೋಗುವುದಾದರೆ ಸಾಮಾನ್ಯವಾಗಿ ಕತ್ತಲಲ್ಲಿ, ಕದ್ದುಮುಚ್ಚಿ ಹೋಗುತ್ತದೆ. ನಮ್ಮ ಮನೆಯದು ಮಾತ್ರ ಹಾಡಹಗಲೇ ಹೋಗುತ್ತಿತ್ತು. ಅದರಲ್ಲೂ ಬಿಸಿಲು ಚೆನ್ನಾಗಿ ಬಿದ್ದ ದಿನ ಹೆಚ್ಚು ಹೋಗುತ್ತಿತ್ತು! ಕಾರಣ ನಮ್ಮ ಸೋದರತ್ತೆ, ಅಂದರೆ ಅಪ್ಪನ ತಂಗಿ. ಹೆಸರು ಹೇಳುವುದಿಲ್ಲ. ಹೇಳಿದರೆ ಧಾರವಾಡದ ಅರ್ಧ ಜನ ‘ಓ, ಆಕೀನಾ’ ಎಂದು ನಗುತ್ತಾರೆ. ಉಳಿದರ್ಧ ಜನ ‘ನೀವು ಆಕಿ ಪೈಕೀನಾ?’ ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಎರಡನ್ನೂ ಅನುಭವಿಸಿದ್ದೇನೆ, ಸಾಕು.

ಅತ್ತೆ ಧಾರವಾಡದ ಒಂದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ‘ಹೊತ್ತು ಸಿಗಲಿಲ್ಲ’ ಎನ್ನುತ್ತಿದ್ದಳು. ಹೊತ್ತನ್ನೆಲ್ಲ ಆ ಮೇಲಿನ ಸೂರ್ಯ ತೆಗೆದುಕೊಂಡಿದ್ದ! ಅದು ತೊಂಬತ್ತರ ದಶಕ. ಸೋಲಾರ್ ಕುಕ್ಕರ್ ಎಂಬ ತಗಡಿನ ಪೆಟ್ಟಿಗೆಯೊಂದನ್ನು ತನ್ನ ಲೂನಾ ಮೊಪೆಡ್ಡಿಗೆ ಕಟ್ಟಿಕೊಂಡು ಪ್ರತಿ ಭಾನುವಾರ ಬೈರಿದೇವರಕೊಪ್ಪದ ನಮ್ಮ ಮನೆಗೆ ಬರುತ್ತಿದ್ದಳು. ದಾರಿಯಲ್ಲಿ ಹಗ್ಗ ಸಡಿಲಾಗಿ ಮುಚ್ಚಳ ತೆರೆದರೆ ಅದರ ಕನ್ನಡಿ ಹಿಂದೆ ಬರುವವರ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಒಮ್ಮೆ ಬಸ್ಸಿನ ಡ್ರೈವರೊಬ್ಬ ಗಾಡಿ ನಿಲ್ಲಿಸಿ ಜಗಳಕ್ಕೇ ಇಳಿದ. ಅತ್ತೆ ಹೆದರುವವಳೇ? ‘ನಿನ್ನ ಕಣ್ಣ ಕುಕ್ಕಿದ ಬಿಸಲಿನ್ಯಾಗ ನಾಕ ಮಂದಿಗೆ ಅನ್ನ ಆಗತೈತಿ, ತಿಳೀತನು?’ ಎಂದು ರಸ್ತೆಯ ಮೇಲೇ ಪಾಠ ಶುರು ಮಾಡಿದಳು. ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು. ಗೆಳತಿಯ ಮನೆಯಿಂದ ಬರುತ್ತಿದ್ದ ನಾನೂ ಅದೇ ಬಸ್ಸಿನಲ್ಲಿದ್ದೆ. ಸೀಟಿನ ಕೆಳಗೆ ಬೀಳದ ನಾಣ್ಯ ಹುಡುಕುತ್ತ ಬಗ್ಗಿದವಳು ಬಸ್ಸು ಹೊರಡುವವರೆಗೂ ಏಳಲಿಲ್ಲ.

ಪೆಟ್ಟಿಗೆಯನ್ನಾದರೂ ಸಹಿಸಬಹುದಿತ್ತು, ಆಕೆಯ ಸತ್ಯ ಸಹಿಸುವುದು ಕಷ್ಟವಾಗಿತ್ತು. ಕಿವಿಗೆ ಬಿದ್ದ ಸುಳ್ಳನ್ನು ಅಲ್ಲೇ ತಿದ್ದದಿದ್ದರೆ ಆಕೆಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದಾಗ ಅವ್ವ ‘ತೀರೈತ್ರಿ’ ಎಂದರೆ, ಅತ್ತೆ ಒಳಗಿನಿಂದ ತುಂಬಿದ ಡಬ್ಬಿಯನ್ನೇ ಹಿಡಿದು ಬಂದು ‘ಇಲ್ಲೈತಿ ನೋಡ್ರಿ ವೈನಿ’ ಎಂದು ಅತ್ತಿಗೆಗೆ ತೋರಿಸುತ್ತಿದ್ದಳು. ಅವ್ವ ನೆಲ ನೋಡುತ್ತಿದ್ದಳು, ಪಕ್ಕದ ಮನೆಯವರು ಸಕ್ಕರೆ ನೋಡುತ್ತಿದ್ದರು.

ಇನ್ನು ನನ್ನನ್ನು ನೋಡಲು ಗೋಕುಲ ರಸ್ತೆಯಿಂದ ಗಂಡಿನವರು ಬಂದ ದಿನ! ಊಟ ಸೂರ್ಯನದೇ ಆಗಬೇಕೆಂದು ಅತ್ತೆಯ ಹಟ. ಅವ್ವ ಬೇಡವೆಂದು ಕೈ ಮುಗಿದರೂ ಪೆಟ್ಟಿಗೆ ಮಾಳಿಗೆ ಏರಿತು. ಮಧ್ಯಾಹ್ನ ಜಾರಿದರೂ ಊಟದ ಸುದ್ದಿಯಿಲ್ಲ. ಹುಡುಗನ ತಂದೆ ಹಸಿವು ತಾಳದೆ ಮಾಳಿಗೆಗೇ ಹತ್ತಿ ಪೆಟ್ಟಿಗೆಯೊಳಗೆ ಇಣುಕಿದರು. ಅತ್ತೆ ಅವರ ತೋಳು ಹಿಡಿದು, ‘ಜರಾ ಸರೀರಿ, ನಿಮ್ಮ ನೆರಳು ಬ್ಯಾಳಿ ಮ್ಯಾಲೆ ಬಿದ್ದೈತಿ’ ಎಂದಳು! ಬೀಗರಾಗಬೇಕಾದವರನ್ನು ಬೇಳೆಗೋಸ್ಕರ ಪಕ್ಕಕ್ಕೆ ಸರಿಸಿದ ಮನೆತನ ಇನ್ನೊಂದಿದ್ದರೆ ತೋರಿಸಿ. ಸೂರ್ಯ ಸರಿದಂತೆಲ್ಲ ಪೆಟ್ಟಿಗೆ ತಿರುಗಿಸುವ ಕೆಲಸವನ್ನು ಹುಡುಗನಿಗೇ ಹಚ್ಚಿದಳು. ಪಾಪ, ಹೊಸ ಅಂಗಿ ಹಾಕಿಕೊಂಡು ಬಂದವನು ಬೆವರು ಒರೆಸಿಕೊಳ್ಳುತ್ತ ತಿರುಗಿಸಿದ, ಆಮೇಲೆ ನನ್ನನ್ನು ಒಪ್ಪಿಯೂ ಬಿಟ್ಟ. ಹಸಿದ ಹೊಟ್ಟೆಯಲ್ಲಿ ಮನುಷ್ಯ ಏನನ್ನಾದರೂ ಒಪ್ಪುತ್ತಾನೆ ಎಂದು ಆತ ಈಗಲೂ ಹೇಳುತ್ತಾನೆ.

ಇಂಥ ಅತ್ತೆಗೆ ಒಂದೇ ಒಂದು ಆಸೆ ಇತ್ತು. ಬಿಸಿಲು, ಗಾಳಿ, ಸಗಣಿ ಅನಿಲಗಳಿಂದ ಶಕ್ತಿ ತೆಗೆಯುವುದನ್ನು ಅಭ್ಯಾಸ ಮಾಡುವ ಸಂಶೋಧನಾ ಕೇಂದ್ರವೊಂದನ್ನು ತನ್ನ ವಿಶ್ವವಿದ್ಯಾಲಯದಲ್ಲಿ ಕಟ್ಟಿಸಬೇಕು. ವರ್ಷಗಟ್ಟಲೆ ಕಂಡಕಂಡವರ ಬೆನ್ನು ಬಿದ್ದು, ಕೊನೆಗೆ ಹುಡುಗಿಯರ ಹಾಸ್ಟೆಲ್ಲಿನ ಹಿಂದೆ ಜಾಗ ಹಿಡಿದಳು. ಕಾಂಟ್ರಾಕ್ಟರ್ ಧಾರ್ಮಿಕ ಮನುಷ್ಯ. ದಕ್ಷಿಣದ ಗೋಡೆಯಲ್ಲಿ ಚಾವಣಿಗೆ ತಾಗಿ ದೊಡ್ಡ ಕಿಟಕಿ ಇಡೆಂದರೆ, ಅದು ಯಮನ ದಿಕ್ಕು ಎಂದು ತಕರಾರು ತೆಗೆದ. ‘ಯಮ ಬಂದ್ರ ಚಹಾ ಕುಡಿಸಿ ಕಳಸೋಣ, ಮದಲ ಬಿಸಲು ಬರಬೇಕು’ ಎಂದು ಅತ್ತೆ ಸೆರಗು ಸಿಕ್ಕಿಸಿ ತಾನೇ ಏಣಿ ಹತ್ತಿದಳು. ಹಾಸ್ಟೆಲ್ಲಿನ ಕಿಟಕಿಗಳ ತುಂಬ ಹುಡುಗಿಯರ ತಲೆಗಳು. ಕೆಳಗೆ ಏಣಿ ಹಿಡಿದು ನಿಂತಿದ್ದವಳು ನಾನು!

ಅಂತೂ ನೆಲಮಹಡಿಯ ಒಂದು ದೊಡ್ಡ ಕೋಣೆ ಎದ್ದಿತು. ಪ್ರಯೋಗಾಲಯವಾಗಬೇಕಾದದ್ದು ಮೇಲಿನ ಮಹಡಿ. ಅದಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿರಲಿಲ್ಲ. ಉದ್ಘಾಟನೆಯ ದಿನ ಎಲ್ಲ ನೋಡಿ ಹೇಳುತ್ತೇನೆ ಎಂದಿದ್ದರು ಕುಲಪತಿಗಳು. ಮಹಡಿ ಬಾರದಿದ್ದರೆ ಅದು ಸಂಶೋಧನಾ ಕೇಂದ್ರವಲ್ಲ, ಬರೀ ಕೋಣೆ. ಅತ್ತೆಯ ಇಡೀ ನೌಕರಿಯ ದುಡಿಮೆ ಆ ಒಂದು ದಿನದ ಮೇಲೆ ನಿಂತಿತ್ತು.

ಆ ದಿನವನ್ನಾದರೂ ನೋಡಿ ಇಟ್ಟರೇ? ಕಟ್ಟಡ ಮುಗಿದದ್ದು ಆಷಾಢದಲ್ಲಿ. ಆಷಾಢದಲ್ಲಿ ಶುಭಕಾರ್ಯ ಬೇಡ, ಶ್ರಾವಣ ಬರಲಿ ಎಂದರು ದೊಡ್ಡವರೆಲ್ಲ. ಧಾರವಾಡದ ಶ್ರಾವಣದಲ್ಲಿ ಸೂರ್ಯನ ಮುಖ ಕಂಡವರುಂಟೇ? ಮನೆಯೊಳಗೆ ಹಗ್ಗಕ್ಕೆ ಹಾಕಿದ ಲಂಗ ವಾರವಾದರೂ ಒಣಗುವುದಿಲ್ಲ. ಆದರೂ ಅತ್ತೆ ಅತಿಥಿಗಳಿಗೆಲ್ಲ ಬಿಸಿಲಿನ ಊಟವೆಂದು ಆಮಂತ್ರಣದಲ್ಲೇ ಅಚ್ಚು ಹಾಕಿಸಿದ್ದಳು. ಅವ್ವ ಹಣೆ ಚಚ್ಚಿಕೊಂಡಳು. ‘ಹಗಲು ಆಗೇತಿ ಅಂದ್ರ ಸೂರ್ಯ ಬಂದಾನ ಅಂತ ಅರ್ಥ, ವೈನಿ’ ಎಂದಳು ಅತ್ತೆ.

ಹಗಲಾಯಿತು. ಸೂರ್ಯ ಬಂದಿದ್ದನೋ ಏನೋ, ಮೋಡದ ಆಚೆಗಿದ್ದ. ಜಿಟಿಜಿಟಿ ಮಳೆಯಲ್ಲಿ ಅತ್ತೆ ಊಟಕ್ಕೆಂದು ಕೂಡಿಹಾಕಿದ ಪೆಟ್ಟಿಗೆಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಅತ್ತೆ ಒಂದೊಂದರ ಗಾಜನ್ನೂ ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿದ ಕಡೆ ಮತ್ತೆ ಹನಿ ಬೀಳುತ್ತಿತ್ತು. ಒಳಗೆ ಗೋದಿ ತಣ್ಣೀರಿನಲ್ಲಿ ಮುಳುಗಿತ್ತು. ಅವ್ವ ಇದ್ದಕ್ಕಿದ್ದಂತೆ ಕಾಣೆಯಾದಳು. ನಾಚಿಕೆಗೆ ಮನೆಗೆ ಹೋದಳೇನೋ, ನನ್ನನ್ನೂ ಕರೆಯಬಾರದಿತ್ತೇ ಎಂದುಕೊಂಡೆ.

ಊಟದ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಹಬೆಯಾಡುವ ಗೋದಿ ಹುಗ್ಗಿ, ಅನ್ನ, ಸಾರು ಬಂದವು! ಹಿಂದೆಯೇ ಕೈಯಲ್ಲಿ ಸವುಟು ಹಿಡಿದ ಅವ್ವ. ಹಾಸ್ಟೆಲ್ಲಿನ ಅಡುಗೆಮನೆಯವರನ್ನು ಕಾಡಿ ಬೇಡಿ, ಗ್ಯಾಸಿನ ಒಲೆಯ ಮೇಲೆ ಅಷ್ಟೂ ಮಂದಿಯ ಅಡುಗೆ ಮಾಡಿದ್ದಳು. ನಾದಿನಿಯ ಕಿವಿಯಲ್ಲಿ ‘ಏನೂ ಕೇಳಬ್ಯಾಡ, ಸುಮ್ನ ನೀಡು’ ಎಂದಳಷ್ಟೆ. ಅತ್ತೆ ಸುಮ್ಮನೆ ನೀಡಿದಳು. ಆಕೆ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಕುಲಪತಿಗಳು ಹುಗ್ಗಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಎಲ್ಲರಿಗೂ ಕೇಳುವಂತೆ, ‘ಇಂಥಾ ಮೋಡದಾಗೂ ಸೂರ್ಯ ಇಷ್ಟ ಛಲೋ ಹುಗ್ಗಿ ಮಾಡ್ಯಾನಂದ್ರ ಮ್ಯಾಲಿನ ಮಾಳಗಿ ಕಟ್ಟಸಾಕ ಇನ್ನೇನ ಬೇಕ್ರಿ?’ ಎಂದರು. ಚಪ್ಪಾಳೆ ಬಿತ್ತು. ಮಹಡಿ ಬಂದೇಬಿಟ್ಟಿತು ಎಂದು ನಾನೂ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಅತ್ತೆಯ ಮುಖ ನೋಡಿದೆ. ಕೈ ಅಲ್ಲೇ ನಿಂತಿತು.

‘ಸರ, ಇದು ಸೂರ್ಯ ಮಾಡಿದ್ದಲ್ಲರಿ’ ಎಂದಳು ಅತ್ತೆ. ‘ನಮ್ಮ ವೈನಿ ಗ್ಯಾಸಿನ ಮ್ಯಾಲೆ ಮಾಡ್ಯಾರ. ನನ್ನ ಪೆಟಗ್ಯಾಗ ಒಂದ ಕಾಳೂ ಕುದ್ದಿಲ್ಲ.’

ಯಾರೋ ಕಿಸಕ್ಕೆಂದು ನಕ್ಕರು. ಕುಲಪತಿಗಳು ಕೈ ತೊಳೆದು, ಮಹಡಿಯ ವಿಚಾರ ಮುಂದೆ ನೋಡೋಣ ಎಂದು ಕಾರು ಹತ್ತಿದರು. ಎಲ್ಲರ ಕಣ್ಣೂ ಅವ್ವನ ಮೇಲಿತ್ತು. ಅವ್ವ ಸವುಟನ್ನು ಪಾತ್ರೆಯಲ್ಲಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಜನ್ಮದಲ್ಲಿ ನಾನು ಅಷ್ಟು ನಾಚಿದ್ದಿಲ್ಲ. ಸುಳ್ಳು ಹೇಳಿಸಿದವಳಿಗಾಗಿ ನಾಚಬೇಕೋ, ಸತ್ಯ ಹೇಳಿದವಳಿಗಾಗಿ ನಾಚಬೇಕೋ ತಿಳಿಯದೆ ಇಬ್ಬರಿಗಾಗಿಯೂ ನಾಚಿದೆ.

ಮನೆಗೆ ಬಂದ ಅವ್ವ ಒಂದೇ ಮಾತು ಆಡಿದಳು: ‘ಅಷ್ಟ ಮಂದಿ ಮುಂದ ನನ್ನ ಸುಳ್ಳಬುರುಕಿ ಮಾಡಿದ್ಲು. ಇನ್ನ ಆಕಿ ಮಾರಿ ನೋಡಂಗಿಲ್ಲ.’ ಭಾನುವಾರಗಳು ಬಂದವು, ಲೂನಾ ಬರಲಿಲ್ಲ. ಅತ್ತೆಯ ಮಹಡಿಯೂ ಮೇಲೇಳಲಿಲ್ಲ. ಆಕೆ ನಿವೃತ್ತಳಾಗುವವರೆಗೂ ಆ ಒಂದು ಕೋಣೆಯಲ್ಲೇ ಹುಡುಗರಿಗೆ ಕಲಿಸಿದಳು.

ಅದೇ ವರ್ಷ ಗಣೇಶ ಚವತಿ ಕಳೆದು ಬಿಸಿಲು ಬಿದ್ದ ಒಂದು ಭಾನುವಾರ ಲೂನಾದ ಸದ್ದಾಯಿತು. ಅತ್ತೆ ಯಾರನ್ನೂ ಮಾತಾಡಿಸದೆ ಪೆಟ್ಟಿಗೆ ಹೊತ್ತು ಸೀದಾ ಮಾಳಿಗೆಗೆ ಹೋದಳು. ಅವ್ವ ಅಡುಗೆಮನೆಯಲ್ಲಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಹೊತ್ತು ನೆತ್ತಿಗೆ ಬಂತು. ಮೇಲೆ ಅತ್ತೆ ಬರಿ ತಲೆಯಲ್ಲಿ ಪೆಟ್ಟಿಗೆಯ ಪಕ್ಕ ಕೂತಿದ್ದಾಳೆ ಎಂದು ನಾನು ಬಂದು ಹೇಳಿದೆ. ಅವ್ವ ಬೈಯುತ್ತ ಕೊಡೆ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ಹತ್ತಿದವಳು ನಾದಿನಿಯ ಹಿಂದೆ ಕೊಡೆ ಹಿಡಿದು ನಿಂತಳು. ಸೂರ್ಯ ಸರಿದಂತೆಲ್ಲ ತಾನೂ ಸರಿದಳು, ನೆರಳು ಅತ್ತೆಯ ತಲೆಯ ಮೇಲೆ ಬೀಳಬೇಕು, ಪೆಟ್ಟಿಗೆಯ ಮೇಲೆ ಬೀಳಬಾರದು. ಅದನ್ನು ಆಕೆಗೆ ಯಾರು ಕಲಿಸಿದ್ದರೋ!

‘ಅವತ್ತ ನಿಮ್ಮ ಹೆಸರ ಹೇಳಬಾರದಿತ್ತು ವೈನಿ’ ಎಂದಳು ಅತ್ತೆ, ತಿರುಗಿ ನೋಡದೆ. ‘ನನ್ನ ಪೆಟಗಿದಷ್ಟ ಹೇಳಿ ಕುಂದರಬೇಕಿತ್ತು. ನನಗ ಭಾಳ ನಾಚಿಕಿ ಆಗೇತಿ.’

‘ತಗಿ, ಹೊತ್ತಾತು’ ಎಂದಳು ಅವ್ವ, ಪೆಟ್ಟಿಗೆಯ ಕಡೆ ನೋಡುತ್ತ.

ಪೆಟ್ಟಿಗೆಯಲ್ಲಿದ್ದದ್ದು ಗೋದಿ ಹುಗ್ಗಿ. ಅತ್ತೆ ಬಟ್ಟಲಿಗೆ ಹಾಕಿ ಮೊದಲು ಅವ್ವನಿಗೆ ಕೊಟ್ಟಳು, ಆಮೇಲೆ ನನಗೆ, ಆಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟಳು. ಗೋದಿ ಹಲ್ಲಿನಲ್ಲಿ ಕಟಕಟ ಎಂದಿತು. ಅವ್ವ ಬಹಳ ಹೊತ್ತು ಅಗಿದು ನುಂಗಿ, ‘ಛಲೋ ಕುದ್ದೈತಿ’ ಎಂದಳು.

ಈಗ ತಿದ್ದುತ್ತಾಳೆ, ಮತ್ತೆ ಎಲ್ಲ ಮುಗಿಯಿತು ಎಂದುಕೊಂಡೆ. ಅತ್ತೆ ಅವ್ವನ ಮುಖ ನೋಡಿದಳು. ಅತ್ತೆಯ ಕಣ್ಣು ತುಂಬಿತ್ತು. ‘ಹೂಂ ವೈನಿ’ ಎಂದು ಅವ್ವನ ಬಟ್ಟಲಿಗೆ ಇನ್ನೊಂದು ಸವುಟು ಹಾಕಿದಳು.