ಬಿಡಲೊಲ್ಲದ ಕೇಬಲ್ಲು

ಕೇಬಲ್ ತಯಾರಿಸುವ ಆ ಕಂಪನಿಯಲ್ಲಿ ಬೀಳುವುದಕ್ಕೇ ಸಂಬಳ ಪಡೆಯುತ್ತಿದ್ದವನು ಒಬ್ಬನೇ. ವಿ.ಆರ್. ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡು, ಅದರ ಕೇಬಲ್ಲಿಗೆ ಕಾಲು ಸಿಕ್ಕಿಸಿ, ದಢಾರನೆ ಉರುಳಿ, ಕೇಬಲ್ಲಿಗೆ ಏನಾಯಿತೆಂದು ವರದಿ ಕೊಡಬೇಕು. ಇವನಿಗೇನಾಯಿತೆಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಅವನನ್ನು ಪಲ್ಟಿ ಎಂದೇ ಕರೆಯುತ್ತಿದ್ದರು, ಈಚೀಚೆಗೆ ಅತ್ತೆಯೂ.

ಮಂಡಿನೋವು ತಾಳಲಾರದೆ ಪಲ್ಟಿ ತಾನೇ ಒಂದು ಕನೆಕ್ಟರ್ ಮಾಡಿದ. ಒಳಗೆ ಪುಟ್ಟ ಅಯಸ್ಕಾಂತ. ಕಾಲು ತಗುಲಿ ಕೇಬಲ್ ಎಳೆದರೆ ಟಕ್ಕನೆ ಬಿಟ್ಟುಕೊಳ್ಳುತ್ತದೆ, ಯಾರೂ ಬೀಳುವುದಿಲ್ಲ. ಇವತ್ತು ಅದನ್ನು ನೋಡಲು ಹತ್ತಾರು ಕಡೆ ವಿ.ಆರ್. ಆಟದ ಮನೆ ನಡೆಸುವ ಮೇಡಂ ಬರುವವರಿದ್ದರು.

"ಅವರು ಒಪ್ಪಿದ್ರೆ ನೀನಿನ್ನು ಬೀಳೋದು ಬೇಡ ಕಣಯ್ಯ. ಡಿಸೈನ್ ರೂಮಲ್ಲಿ ಕುರ್ಚಿ ಕೊಡ್ತೀನಿ" ಎಂದಿದ್ದರು ಮಾಲೀಕರು.

ಕುರ್ಚಿ! ಬೆಳಿಗ್ಗೆ ಮಂಡಿಗೆ ಮುಲಾಮು ತಿಕ್ಕುತ್ತಾ ಹೆಂಡತಿಯೂ "ಇವತ್ತೊಂದಿನ ನೆಟ್ಟಗೆ ನಡ್ಕೊಂಡು ಬನ್ರೀ" ಎಂದು ಕಳಿಸಿದ್ದಳು.

ಮೇಡಂ ಬರುವ ಮೊದಲು ಪಲ್ಟಿ ಹೆಡ್‌ಸೆಟ್ ಹಾಕಿ ನೋಡಿದ. ಅಷ್ಟರಲ್ಲಿ "ಆಕ್ಷೀ" ಎಂದು ಒಂದು ಸೀನು ಬಂತು. ಕತ್ತಿನ ಹಿಂದಿದ್ದ ಕನೆಕ್ಟರ್ ಟಕ್ಕನೆ ಕಳಚಿತು. ಖುಷಿಯಿಂದ ಮತ್ತೆ ಸಿಕ್ಕಿಸಿಕೊಂಡು ಹೆಡ್‌ಸೆಟ್ ತೋರಿಸುವ ಹಿಮದ ಬೆಟ್ಟದಲ್ಲಿ ಮೈಮರೆತ.

ಬೆನ್ನ ಹಿಂದೆ ನಿಂತು ಇದನ್ನು ಕಂಡ ಬೆಸುಗೆ ತಾತ ಅಂಟಿನ ಬಾಟಲಿ ಎತ್ತಿಕೊಂಡರು. ಜೀವಮಾನವಿಡೀ ಬಿಚ್ಚಿಕೊಳ್ಳದ ಬೆಸುಗೆ ಹಾಕಿದವರು ಅವರು. "ಸೀನಿದ್ರೆ ಕಳಚೋ ಕೇಬಲ್ಲಾ? ನಮ್ಮ ಮಾನ ಹೋಗುತ್ತೆ!" ಎಂದು ಕನೆಕ್ಟರಿಗೆ ಅಂಟು ಸುರಿದರು.

"ಬರೀ ಅಂಟು ಸಾಲ್ದು ತಾತ" ಎಂದು ಸ್ಟೋರಿನ ಅಕ್ಕ ಟೇಪು ಸುತ್ತಿದಳು. ಸುತ್ತಿ ಸುತ್ತಿ ಅದು ಬದನೆಕಾಯಿಯ ಗಾತ್ರವಾಯಿತು. ಪಲ್ಟಿಯ ಕಿವಿಯಲ್ಲಿ ಬೆಟ್ಟದ ಗಾಳಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಯಾರೋ ಪಾಪ ಅಂಗಿಯ ಕಾಲರ್ ಸರಿಮಾಡುತ್ತಿದ್ದಾರೆ ಅಂದುಕೊಂಡ.

ಮೇಡಂ ಬಂದರು. "ಈಗ ನೋಡಿ, ಹೇಗೆ ಬಿಟ್ಟುಕೊಳ್ಳುತ್ತೆ" ಎಂದ ಮಾಲೀಕರು ಚಹಾದ ಗಾಡಿಯನ್ನು ಕೇಬಲ್ಲಿನ ಮೇಲೆ ಜೋರಾಗಿ ತಳ್ಳಿದರು.

ಕೇಬಲ್ ಗಾಡಿಗೆ ಸಿಕ್ಕಿಕೊಂಡಿತು. ಬಿಟ್ಟುಕೊಳ್ಳಲಿಲ್ಲ. ಹಜಾರದ ಇಳಿಜಾರಿನಲ್ಲಿ ಗಾಡಿ ಓಡಿತು. ಹಿಂದೆ ಕುಂಡೆಯೂರಿ ಬಿದ್ದು ಜಾರುತ್ತಾ ಪಲ್ಟಿ. ಅವನ ಹಿಂದೆ ಕೇಬಲ್ಲಿನ ಇನ್ನೊಂದು ತುದಿಯ ಲ್ಯಾಪ್‌ಟಾಪ್ ಹೊತ್ತ ಗಾಲಿ ಮೇಜು. ಮೇಜನ್ನು ತಬ್ಬಿಕೊಂಡು ಬೆಸುಗೆ ತಾತ. ಮೆರವಣಿಗೆ ಸ್ಟೋರಿನ ಪೆಟ್ಟಿಗೆಗಳ ರಾಶಿಗೆ ನುಗ್ಗಿ ನಿಂತಿತು.

"ಇನ್ನೂ ಬೆಟ್ಟ ಕಾಣ್ತಿದೆ!" ಎಂದು ರಾಶಿಯೊಳಗಿಂದ ಪಲ್ಟಿ ಕಿರುಚಿದ.

ನಕ್ಕು ನಕ್ಕು ಮೇಡಂ ಕಣ್ಣೊರೆಸಿಕೊಂಡರು. "ಇಷ್ಟಾದ್ರೂ ಚಿತ್ರ ನಿಂತಿಲ್ವಲ್ರೀ! ನಮ್ಮಲ್ಲಿ ಜನ ಒಂದು ಸಲ ಕುಣಿದ್ರೆ ಕೇಬಲ್ ಕಿತ್ತು ಬರುತ್ತೆ. ನನಗೆ ಇದೇ ಬೇಕು."

"ಅದು ಬಿಡ್ಬೇಕಿತ್ತು ಮೇಡಂ!" ಎಂದ ಪಲ್ಟಿ. ಯಾರೂ ಕೇಳಲಿಲ್ಲ. ಮೇಡಂ ಹಾಕಿದ್ದು ಒಂದೇ ಷರತ್ತು: ತಮ್ಮ ಪ್ರತಿ ಆಟದ ಮನೆಗೂ ಪಲ್ಟಿಯೇ ಬಂದು ಹೀಗೆಯೇ ಜಾರಿ ತೋರಿಸಬೇಕು.

ಸಂಜೆ ಕುಂಟುತ್ತಾ ಮನೆಗೆ ಬಂದವನನ್ನು ಹೆಂಡತಿ ಬಾಗಿಲಲ್ಲೇ ಕೇಳಿದಳು. "ಕುರ್ಚಿ ಸಿಕ್ತಾ?"

"ಸಿಕ್ತು. ಅಂಟು ಹಾಕಿದ ತಾತನಿಗೆ."

"ಅಯ್ಯೋ! ಏನಾಯ್ತು, ಕೂತ್ಕೊಂಡು ನಿಧಾನವಾಗಿ ಹೇಳ್ರೀ."

ಅದೊಂದು ಮಾತ್ರ ಆ ಹೊತ್ತಿಗೆ ಪಲ್ಟಿಯಿಂದ ಆಗುವಂತಿರಲಿಲ್ಲ. ನಿಂತೇ ಹೇಳಿದ.